ಆದಾಯ ತೆರಿಗೆ ವಿವರಪತ್ರ: ರೈತ ಯಾರ ಸಹಾಯ ಪಡೆಯಬೇಕು?

"ನಾನು ಬೇಸಾಯಗಾರ, ನನಗೂ ಆದಾಯ ತೆರಿಗೆಗೂ ಏನು ಸಂಬಂಧ?" ಎಂಬ ಮಾತನ್ನು ನೀವೂ ಆಡಿರಬಹುದು, ನಿಮ್ಮ ನೆರೆಯವರ ಬಾಯಲ್ಲೂ ಕೇಳಿರಬಹುದು. ಈ ಮಾತು ಅರ್ಧ ನಿಜ. ಹೊಲದಲ್ಲಿ ಬೆಳೆದು ಮಾರಿದ ರಾಗಿ, ಭತ್ತ, ಕಬ್ಬು, ತರಕಾರಿಗಳ ವರಮಾನಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲ. 1886ರ ಕಾಯಿದೆಯ ಕಾಲದಿಂದ ನಡೆದು ಬಂದಿರುವ ವಿನಾಯಿತಿ ಇದು. ಆದರೆ ಇಂದು ಹೊಲದ ಬೆಳೆಯೊಂದನ್ನೇ ನಂಬಿ ಬದುಕುವ ಮನೆ ಎಷ್ಟಿದೆ? ಹಾಲು ಡೇರಿಗೆ ಹೋಗುತ್ತದೆ, ಟ್ರ್ಯಾಕ್ಟರ್ ಬಾಡಿಗೆಗೆ ಓಡುತ್ತದೆ, ಬ್ಯಾಂಕಿನ ಠೇವಣಿಗೆ ಬಡ್ಡಿ ಬರುತ್ತದೆ, ರಸ್ತೆಗೋ ಬಡಾವಣೆಗೋ ಜಮೀನು ಹೋದರೆ ಪರಿಹಾರ ಬರುತ್ತದೆ. ಇವುಗಳಲ್ಲಿ ಯಾವುದಕ್ಕೆ ತೆರಿಗೆ ಉಂಟು, ಯಾವುದಕ್ಕೆ ಇಲ್ಲ, ಯಾವುದನ್ನು ತೆರಿಗೆ ಇಲ್ಲದಿದ್ದರೂ ಬರೆದು ತೋರಿಸಬೇಕು ಎಂಬುದು ತಿಳಿಯದೆ ಕೈ ಸುಟ್ಟುಕೊಂಡವರು ಬಹಳ ಮಂದಿ.

ಬೀಜ ಯಾವುದು, ಗೊಬ್ಬರ ಎಷ್ಟು, ಔಷಧಿ ಯಾವಾಗ ಎಂದು ನಾವು ಕೇಳಿ ತಿಳಿಯುತ್ತೇವೆ. ತೆರಿಗೆಯ ವಿಷಯ ಬಂದಾಗ ಮಾತ್ರ ಎದುರಿಗೆ ಸಿಕ್ಕವರ ಕೈಗೆ ಕಾಗದಗಳನ್ನು ಒಪ್ಪಿಸಿ ಬರುತ್ತೇವೆ. ಇದು ಸರಿಯಲ್ಲ. ಬೀಜ, ಗೊಬ್ಬರದ ಸಲಹೆಯಷ್ಟೇ ಎಚ್ಚರದಿಂದ ತೆರಿಗೆಯ ಸಲಹೆಯನ್ನೂ ಆಯ್ದುಕೊಳ್ಳಬೇಕು ಎಂಬುದೇ ಈ ಲೇಖನದ ಅಭಿಪ್ರಾಯ.

ಅಂಜನಾಪುರದ ಪಾಠ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಅಂಜನಾಪುರವನ್ನು ನೋಡಿ. ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಕೆರೆಯ ಬದಿಯಲ್ಲಿ ಇದ್ದ ಹಳ್ಳಿ ಅದು. 2000ದ ಇಸವಿಯ ಆಸುಪಾಸಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಲ್ಲಿ ಬಡಾವಣೆ ನಿರ್ಮಿಸಿತು. ಆಮೇಲೆ ಊರು ಮಹಾನಗರ ಪಾಲಿಕೆಯ ಒಂದು ವಾರ್ಡ್ ಆಯಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂತು. ಒಂದೇ ತಲೆಮಾರಿನಲ್ಲಿ ನೇಗಿಲು ಹಿಡಿದಿದ್ದ ಕೈಗೆ ಬಾಡಿಗೆ ಕರಾರು ಪತ್ರ ಬಂತು. ತಂದೆಗೆ ಪಹಣಿ ಮಾತ್ರ ಗೊತ್ತಿತ್ತು. ಮಗನಿಗೆ ಪ್ಯಾನ್ ಕಾರ್ಡು, ಮೂಲದಲ್ಲಿ ತೆರಿಗೆ ಕಡಿತ, ಬಂಡವಾಳ ಲಾಭ ಇವೆಲ್ಲ ಗೊತ್ತಿರಬೇಕಾಗಿದೆ.

ಇದು ಬೆಂಗಳೂರಿನವರ ತಾಪತ್ರಯ, ನಮಗೇಕೆ ಎನ್ನಬೇಡಿ. ಹೆದ್ದಾರಿ, ಕೈಗಾರಿಕಾ ಪ್ರದೇಶ, ವಿಮಾನ ನಿಲ್ದಾಣ, ಹೊರ ವರ್ತುಲ ರಸ್ತೆ ಎಂದು ಭೂಸ್ವಾಧೀನ ನಡೆಯದ ಜಿಲ್ಲೆ ಇಲ್ಲ. ಅಂಜನಾಪುರಕ್ಕೆ ಅಂದು ಬಂದದ್ದು ನಾಳೆ ನಿಮ್ಮ ಊರಿನ ಬಾಗಿಲಿಗೂ ಬಂದೀತು.

ಹಿಂದೊಮ್ಮೆ ಕೃಷಿ ಮೇಳದಲ್ಲಿ ಆ ಕಡೆಯ ಹಿರಿಯ ರೈತರೊಬ್ಬರು ಮಾತಿಗೆ ಸಿಕ್ಕರು. ಹೆಸರು ಇಲ್ಲಿ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಾಗದ ತೆಗೆದು, "ಇದು ಏನೆಂದು ಓದಿ ಹೇಳಿ" ಎಂದರು. ಅವರ ವಿವರಪತ್ರವನ್ನು ಮೂರು ವರ್ಷದಿಂದ ಒಬ್ಬ ಮಧ್ಯವರ್ತಿ ತುಂಬಿಸುತ್ತಿದ್ದ. ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಹಿಡಿದ ತೆರಿಗೆಯನ್ನು ವಾಪಸು ಕೊಡಿಸುತ್ತೇನೆ, ಬಂದದ್ದರಲ್ಲಿ ಐದನೆಯ ಒಂದು ಭಾಗ ನನಗೆ ಎಂದು ಕರಾರು. ಹಣ ಬಂದೂ ಬಂತು. ಹೇಗೆ ಬಂತು? ಇವರು ಕೊಡದ ದೇಣಿಗೆಯನ್ನು ಕೊಟ್ಟಂತೆಯೂ, ಕಟ್ಟದ ವಿಮೆಯನ್ನು ಕಟ್ಟಿದಂತೆಯೂ, ಇಲ್ಲದ ಮನೆಸಾಲವನ್ನು ಇದ್ದಂತೆಯೂ ಆತ ಬರೆದಿದ್ದ. ಇವರ ಖಾತೆಗೆ ತನ್ನದೇ ಮೊಬೈಲ್ ಸಂಖ್ಯೆ, ತನ್ನದೇ ಇ-ಮೇಲ್ ವಿಳಾಸ ಸೇರಿಸಿದ್ದ. ಆದ್ದರಿಂದ ಇಲಾಖೆ ಕಳುಹಿಸಿದ ಎಚ್ಚರಿಕೆಯ ಸಂದೇಶಗಳೆಲ್ಲ ಅವನಿಗೇ ತಲುಪಿದವು. ಅವನು ಬಾಯಿ ಬಿಡಲಿಲ್ಲ. ಕೊನೆಗೆ ಮನೆಯ ಮೊಮ್ಮಗಳು ಕಂಪ್ಯೂಟರಿನಲ್ಲಿ ಖಾತೆ ತೆರೆದು ನೋಡಿದಾಗ ವಿಷಯ ಬಯಲಾಯಿತು. ಅವರು ನನಗೆ ತೋರಿಸಿದ್ದು ಅವಳು ಮುದ್ರಿಸಿಕೊಟ್ಟ ಸಂದೇಶವನ್ನೇ.

ಆ ಹಿರಿಯರು ಹೇಳಿದ ಒಂದು ಮಾತು ಇಂದಿಗೂ ಕಿವಿಯಲ್ಲಿದೆ: "ನಾನು ಸುಳ್ಳು ಹೇಳಲಿಲ್ಲ, ಆದರೆ ನನ್ನ ಹೆಸರಿನಲ್ಲಿ ಸುಳ್ಳು ಇದೆ." ಕಾನೂನಿನ ಕಣ್ಣಿಗೆ ಈ ಎರಡಕ್ಕೂ ವ್ಯತ್ಯಾಸವಿಲ್ಲ. ವಿವರಪತ್ರ ಯಾರೇ ತುಂಬಿಸಲಿ, ಅದರ ಹೊಣೆ ಪ್ಯಾನ್ ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರದೇ.

ಇದು ಒಬ್ಬರ ಕಥೆ ಎಂದು ತಿಳಿಯಬೇಡಿ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತ, ಸುಳ್ಳು ವಿನಾಯಿತಿ ಬರೆದು ಹಣ ವಾಪಸು ಕೊಡಿಸುವವರ ವಿರುದ್ಧ ದೇಶದಾದ್ಯಂತ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿಯೇ 1,045 ಕೋಟಿ ರೂಪಾಯಿಗಳ ಸುಳ್ಳು ಬೇಡಿಕೆಗಳನ್ನು ಹಿಂತೆಗೆದುಕೊಂಡಿದ್ದರು ಎಂದು ಇಲಾಖೆ ಆಗ ಪ್ರಕಟಿಸಿತು.

ಕೃಷಿ ವರಮಾನ ಯಾವುದು, ಯಾವುದಲ್ಲ?

ಸಹಾಯ ಕೇಳಲು ಹೋಗುವ ಮೊದಲು ನಮಗೇ ಒಂದಿಷ್ಟು ತಿಳಿದಿರಬೇಕು. ಮಣ್ಣಿನ ಗುಣ ತಿಳಿಯದವನಿಗೆ ಯಾವ ಗೊಬ್ಬರ ಮಾರಿದರೂ ನಡೆಯುತ್ತದೆ.

ನೆಲದಲ್ಲಿ ಉತ್ತು ಬಿತ್ತಿ ಬೆಳೆದದ್ದರ ವರಮಾನ ಕೃಷಿ ವರಮಾನ. ಬೇಸಾಯಕ್ಕೆಂದೇ ಜಮೀನನ್ನು ಗೇಣಿಗೆ ಕೊಟ್ಟು ಬಂದ ಹಣವೂ ಕೃಷಿ ವರಮಾನ. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಮಾರಾಟವೂ 2008ರ ತಿದ್ದುಪಡಿಯ ನಂತರ ನಿಸ್ಸಂದೇಹವಾಗಿ ಕೃಷಿ ವರಮಾನವೇ.

ಹಸು ಎಮ್ಮೆಗಳ ಹಾಲು, ಕೋಳಿ, ಮೊಟ್ಟೆ, ಟ್ರ್ಯಾಕ್ಟರ್ ಬಾಡಿಗೆ, ಠೇವಣಿಯ ಬಡ್ಡಿ, ಹೊಲದಲ್ಲಿ ನಿಲ್ಲಿಸಿದ ಮೊಬೈಲ್ ಗೋಪುರದ ಬಾಡಿಗೆ ಇವು ಕೃಷಿ ವರಮಾನವಲ್ಲ. ರೇಷ್ಮೆಯ ವಿಚಾರದಲ್ಲಿ ಗೊಂದಲ ಹೆಚ್ಚು. ಹಿಪ್ಪುನೇರಳೆ ಸೊಪ್ಪು ಕೃಷಿ ಉತ್ಪನ್ನ, ಆದರೆ ಹುಳು ಕಟ್ಟಿದ ಗೂಡು ಕೃಷಿ ಉತ್ಪನ್ನವಲ್ಲ ಎಂಬುದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ. ಸ್ವಂತ ತೋಟದ ಸೊಪ್ಪನ್ನು ಹುಳುವಿಗೆ ಹಾಕಿದರೆ ಆ ಸೊಪ್ಪಿನ ಪೇಟೆ ಬೆಲೆಯನ್ನು ಗೂಡಿನ ಹಣದಲ್ಲಿ ಕಳೆದು, ಉಳಿದದ್ದನ್ನು ಕಸುಬಿನ ವರಮಾನವೆಂದು ಲೆಕ್ಕ ಹಾಕಬೇಕು. ತಲಘಟ್ಟಪುರದ ರೇಷ್ಮೆ ಸಂಸ್ಥೆಯ ಸುತ್ತಮುತ್ತಲಿನ ಎಷ್ಟೋ ರೇಷ್ಮೆ ಬೆಳೆಗಾರರಿಗೂ ಈ ವಿಷಯ ಹೊಸದಾಗಿ ಕಂಡೀತು.

ಇದನ್ನು ಓದಿ ಹೆದರಬೇಡಿ. ಇವುಗಳ ಮೊತ್ತ ತೆರಿಗೆಯ ಕನಿಷ್ಠ ಮಿತಿಯನ್ನು ದಾಟದಿದ್ದರೆ ತೆರಿಗೆಯ ಮಾತೇ ಇಲ್ಲ. ಆ ಮಿತಿ ಹಳೆಯ ಪದ್ಧತಿಯಲ್ಲಿ ಸಾಮಾನ್ಯರಿಗೆ 2.5 ಲಕ್ಷ ರೂಪಾಯಿ, ಹೊಸ ಪದ್ಧತಿಯಲ್ಲಿ 2025-26ರ ವರ್ಷದ ವರಮಾನಕ್ಕೆ 4 ಲಕ್ಷ ರೂಪಾಯಿ.

ತೆರಿಗೆ ಇಲ್ಲ ಎಂದರೆ ಬರೆಯಬೇಕಿಲ್ಲ ಎಂದಲ್ಲ

ಇಲ್ಲಿಯೇ ಹೆಚ್ಚಿನವರು ಎಡವುವುದು. ಪ್ರೊಫೆಸರ್ ಕೆ.ಎನ್. ರಾಜ್ ಅವರ ಸಮಿತಿ 1972ರಲ್ಲಿ ವರದಿ ಕೊಟ್ಟ ಮೇಲೆ, 1973ರ ಹಣಕಾಸು ಕಾಯಿದೆಯಿಂದ ಒಂದು ಹೊಸ ಲೆಕ್ಕ ಬಂತು. ಕೃಷಿ ವರಮಾನ 5,000 ರೂಪಾಯಿ ಮೀರಿದ್ದು, ಇತರ ವರಮಾನ ಕನಿಷ್ಠ ಮಿತಿಯನ್ನು ದಾಟಿದ್ದರೆ, ಕೃಷಿ ವರಮಾನಕ್ಕೆ ನೇರವಾಗಿ ತೆರಿಗೆ ಹಾಕದಿದ್ದರೂ ಇತರ ವರಮಾನದ ತೆರಿಗೆಯ ದರವನ್ನು ಕಟ್ಟುವಾಗ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ.

ಒಂದು ಉದಾಹರಣೆ ನೋಡೋಣ. ರೈತರೊಬ್ಬರು ಊರಂಚಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಮನೆ ಕಂದಾಯ ಕಳೆದು ವರ್ಷಕ್ಕೆ 20 ಲಕ್ಷ ರೂಪಾಯಿ ಬಾಡಿಗೆ. ಕಾನೂನು ಕೊಡುವ ಶೇಕಡಾ 30ರ ಕಡಿತ ತೆಗೆದರೆ 14 ಲಕ್ಷ. ಉಳಿದ ಜಮೀನಿನಿಂದ ನಿವ್ವಳ 3 ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ಲೆಕ್ಕ ಹೀಗೆ: ಎರಡೂ ಸೇರಿದ 17 ಲಕ್ಷಕ್ಕೆ ತೆರಿಗೆ 1,40,000. ಕೃಷಿಯ 3 ಲಕ್ಷಕ್ಕೆ ಕನಿಷ್ಠ ಮಿತಿಯ 4 ಲಕ್ಷ ಸೇರಿಸಿದ 7 ಲಕ್ಷಕ್ಕೆ ತೆರಿಗೆ 15,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 1,25,000 ರೂಪಾಯಿ. ಕೃಷಿ ವರಮಾನವನ್ನು ಬರೆಯದೆ ಬಿಟ್ಟಿದ್ದರೆ 14 ಲಕ್ಷಕ್ಕೆ 90,000 ಮಾತ್ರ ಬರುತ್ತಿತ್ತು. ಬಿಟ್ಟದ್ದರಿಂದ 35,000 ರೂಪಾಯಿ ತೆರಿಗೆ ಕಡಿಮೆ ಕಟ್ಟಿದಂತಾಯಿತು. ಮುಂದೆ ಅದಕ್ಕೆ ಬಡ್ಡಿಯೂ ದಂಡವೂ ಸೇರುತ್ತವೆ. ಇದರ ಮೇಲೆ ಶೇಕಡಾ 4ರ ಸೆಸ್ ಬೇರೆ.

"12 ಲಕ್ಷದವರೆಗೆ ತೆರಿಗೆ ಇಲ್ಲವಂತೆ" ಎಂಬ ಮಾತು ಊರೆಲ್ಲ ಹರಡಿದೆ. ಅದು ಹೊಸ ಪದ್ಧತಿಯ ರಿಯಾಯಿತಿ. ಸಾಮಾನ್ಯ ವರಮಾನಕ್ಕೆ ಅನ್ವಯಿಸುತ್ತದೆ. ಸೈಟು ಮಾರಿದ ಬಂಡವಾಳ ಲಾಭದಂತಹ ವಿಶೇಷ ದರದ ವರಮಾನದ ತೆರಿಗೆಗೆ ಅದು ಸಿಗುವುದಿಲ್ಲ. ಅಲ್ಲದೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾದರೂ, ವರಮಾನ 4 ಲಕ್ಷ ದಾಟಿದ್ದರೆ ವಿವರಪತ್ರ ಸಲ್ಲಿಸಲೇಬೇಕು.

ಇನ್ನೊಂದು ನಿಯಮ 2022ರಲ್ಲಿ ಬಂತು. ವರ್ಷದಲ್ಲಿ ಉಳಿತಾಯ ಖಾತೆಗಳಿಗೆ ಒಟ್ಟು 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜಮೆಯಾದರೆ, ಆ ಹಣಕ್ಕೆ ಬಿಡಿಗಾಸು ತೆರಿಗೆ ಇಲ್ಲದಿದ್ದರೂ, ವಿವರಪತ್ರ ಕಡ್ಡಾಯ. ಜಮೀನಿನ ಪರಿಹಾರ ಪಡೆದವರು ಇದನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು.

ನಮೂನೆಯ ಆಯ್ಕೆಯೂ ಮುಖ್ಯ. ಕೃಷಿ ವರಮಾನ 5,000 ರೂಪಾಯಿ ದಾಟಿದವರು ಸರಳ ನಮೂನೆಯಾದ ಐ.ಟಿ.ಆರ್.-1 ಬಳಸುವಂತಿಲ್ಲ. ಕಸುಬು ಇಲ್ಲದವರಿಗೆ ಐ.ಟಿ.ಆರ್.-2 ಸಾಮಾನ್ಯ. ಕೃಷಿ ವರಮಾನ 5 ಲಕ್ಷ ಮೀರಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಎಷ್ಟು ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ಬರೆಯಬೇಕು. ನಿಮಗೆ ಸಹಾಯ ಮಾಡುವವರು ಈ ಪ್ರಶ್ನೆಗಳನ್ನು ಕೇಳದೆಯೇ ನಮೂನೆ ತುಂಬಿಸಿದರೆ ಅವರಿಗೆ ರೈತರ ಲೆಕ್ಕ ಗೊತ್ತಿಲ್ಲವೆಂದೇ ಅರ್ಥ.

ಪರಿಹಾರದ ಹಣ ಮತ್ತು ಹಳೆಯ ಪಹಣಿ

ಈಗ ಅಂಜನಾಪುರದಂತಹ ಊರಿನ ಮುಖ್ಯ ವಿಷಯಕ್ಕೆ ಬರೋಣ. ನಗರ ಪ್ರದೇಶದಿಂದ ದೂರದಲ್ಲಿರುವ ಕೃಷಿ ಜಮೀನನ್ನು ಆದಾಯ ತೆರಿಗೆ ಕಾಯಿದೆ ಬಂಡವಾಳ ಆಸ್ತಿ ಎಂದೇ ಎಣಿಸುವುದಿಲ್ಲ; ಮಾರಿದರೂ ತೆರಿಗೆ ಇಲ್ಲ. ದೂರ ಎಂದರೆ ಎಷ್ಟು? ಪುರಸಭೆ ಅಥವಾ ನಗರಪಾಲಿಕೆಯ ಗಡಿಯಿಂದ ನೇರ ಗೆರೆ ಎಳೆದಂತೆ ಅಳೆಯಬೇಕು. ಆ ಪಟ್ಟಣದ ಜನಸಂಖ್ಯೆ 10,000ದಿಂದ 1 ಲಕ್ಷದವರೆಗಿದ್ದರೆ 2 ಕಿಲೋಮೀಟರ್, 1 ಲಕ್ಷದಿಂದ 10 ಲಕ್ಷದವರೆಗಿದ್ದರೆ 6 ಕಿಲೋಮೀಟರ್, ಅದಕ್ಕೂ ಹೆಚ್ಚಿದ್ದರೆ 8 ಕಿಲೋಮೀಟರ್. ಈ ಗೆರೆಯ ಒಳಗಿನ ಜಮೀನು, ಅದರಲ್ಲಿ ರಾಗಿ ಬೆಳೆದಿದ್ದರೂ, ತೆರಿಗೆಯ ದೃಷ್ಟಿಯಲ್ಲಿ ನಗರದ ಆಸ್ತಿ.

ಆದರೆ ಗೆರೆಯ ಒಳಗಿದ್ದರೂ ದಾರಿ ಇದೆ. ಸರ್ಕಾರ ಕಡ್ಡಾಯವಾಗಿ ಸ್ವಾಧೀನ ಮಾಡಿಕೊಂಡ ಜಮೀನಿನಲ್ಲಿ, ವರ್ಗಾವಣೆಯ ದಿನಕ್ಕೆ ಹಿಂದಿನ ಎರಡು ವರ್ಷ ಆ ರೈತ ಅಥವಾ ಅವರ ತಂದೆತಾಯಿ ಅಥವಾ ಅವಿಭಕ್ತ ಕುಟುಂಬ ಬೇಸಾಯ ಮಾಡಿದ್ದರೆ, 2004ರ ಏಪ್ರಿಲ್ 1 ಅಥವಾ ಅದರ ನಂತರ ಪಡೆದ ಪರಿಹಾರದ ಬಂಡವಾಳ ಲಾಭಕ್ಕೆ ತೆರಿಗೆ ವಿನಾಯಿತಿ ಉಂಟು. 1961ರ ಕಾಯಿದೆಯಲ್ಲಿ ಇದು 10(37)ನೆಯ ಕಲಮು. ಸ್ವಾಧೀನವಲ್ಲದೆ ತಾವೇ ಮಾರಿದವರು, ಅದೇ ರೀತಿ ಎರಡು ವರ್ಷ ಬೇಸಾಯವಾಗಿದ್ದ ಜಮೀನಾದರೆ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡು 54ಬಿ ಕಲಮಿನ ವಿನಾಯಿತಿ ಪಡೆಯಬಹುದಿತ್ತು. ವಿವರಪತ್ರದ ಕೊನೆಯ ದಿನದೊಳಗೆ ಜಮೀನು ಸಿಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಉಳಿತಾಯ ಖಾತೆಯಲ್ಲೇ ಬಿಟ್ಟು ವಿನಾಯಿತಿ ಕಳೆದುಕೊಂಡವರು ಇದ್ದಾರೆ. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರ ಹೊಸ ಆದಾಯ ತೆರಿಗೆ ಕಾಯಿದೆ ಬಂದಿದ್ದು, ಕಲಮುಗಳ ಸಂಖ್ಯೆ ಬದಲಾಗಿದೆ. ಆದ್ದರಿಂದ ಸಲಹೆಗಾರರೊಡನೆ ಮಾತನಾಡುವಾಗ ಸಂಖ್ಯೆಗಿಂತ ವಿಷಯವನ್ನೇ ಹೇಳಿ ಕೇಳಿ.

ಇಷ್ಟೆಲ್ಲಕ್ಕೂ ಆಧಾರ ಒಂದೇ: ಆ ಎರಡು ವರ್ಷ ಬೇಸಾಯ ನಡೆದಿತ್ತು ಎಂಬ ಸಾಕ್ಷಿ. ಸಾಕ್ಷಿ ಎಂದರೆ ಬೆಳೆಯ ಕಾಲಂ ತುಂಬಿರುವ ಪಹಣಿ, ಎ.ಪಿ.ಎಂ.ಸಿ. ಚೀಟಿ, ಸೊಸೈಟಿಯಲ್ಲಿ ಗೊಬ್ಬರ ಕೊಂಡ ರಸೀತಿ, ಬೆಳೆಸಾಲದ ಪುಸ್ತಕ. ಜಮೀನು ಪ್ರಾಧಿಕಾರದ ಹೆಸರಿಗೆ ಹೋದ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರೂ ಇರದು, ನಿಮ್ಮ ಬೆಳೆಯೂ ಇರದು. ಆದ್ದರಿಂದ ಸ್ವಾಧೀನದ ಪ್ರಕಟಣೆ ಬಂದ ದಿನವೇ ಹಿಂದಿನ ಮೂರು ನಾಲ್ಕು ವರ್ಷಗಳ ಪಹಣಿ ಪ್ರತಿಗಳನ್ನು ತೆಗೆಸಿ ಭದ್ರವಾಗಿಡಿ. ಬೆಳೆ ಕಾಲಂನಲ್ಲಿ ‘ಬೀಳು’ ಎಂದು ತಪ್ಪಾಗಿ ನಮೂದಾಗಿದ್ದರೆ ಆಗಲೇ ತಿದ್ದಿಸಿ. ಹತ್ತು ಇಪ್ಪತ್ತು ರೂಪಾಯಿಯ ಆ ಕಾಗದ ಮುಂದೆ ಲಕ್ಷಾಂತರ ರೂಪಾಯಿ ಉಳಿಸೀತು.

ಪರಿಹಾರದ ಬಗ್ಗೆ ಇನ್ನೂ ಮೂರು ಮಾತು. ಮೊದಲನೆಯದು, ಕೃಷಿ ಜಮೀನಿನ ಕಡ್ಡಾಯ ಸ್ವಾಧೀನದ ಪರಿಹಾರದಲ್ಲಿ ಮೂಲದಲ್ಲೇ ತೆರಿಗೆ ಕಡಿಯುವಂತಿಲ್ಲ. ಕೃಷಿಯೇತರ ಸ್ಥಿರಾಸ್ತಿಯಾದರೆ ಶೇಕಡಾ 10 ಕಡಿಯುತ್ತಾರೆ. ತಪ್ಪಾಗಿ ಕಡಿದಿದ್ದರೆ ಅದು ವಾಪಸು ಬರುವುದು ವಿವರಪತ್ರ ಸಲ್ಲಿಸಿದರೆ ಮಾತ್ರ. ಎರಡನೆಯದು, ಪರಿಹಾರ ತಡವಾದದ್ದಕ್ಕೆ ಕೊಡುವ ಬಡ್ಡಿಯ ಲೆಕ್ಕ ಬೇರೆ. ಬಡ್ಡಿ ಕೈಗೆ ಬಂದ ವರ್ಷದಲ್ಲಿ ಅದನ್ನು ತೋರಿಸಬೇಕು, ಅದರಲ್ಲಿ ಅರ್ಧಕ್ಕೆ ಕಡಿತ ಸಿಗುತ್ತದೆ. ಮೂರನೆಯದು, ಖಾತೆ ಹಿರಿಯಣ್ಣನ ಹೆಸರಿನಲ್ಲಿದ್ದರೆ ಪೂರ್ತಿ ಹಣ ಅವರ ಪ್ಯಾನ್ ಸಂಖ್ಯೆಗೇ ಸೇರಿ ಕಾಣುತ್ತದೆ. ತಮ್ಮಂದಿರಿಗೆ, ಅಕ್ಕತಂಗಿಯರಿಗೆ ಪಾಲು ಕೊಟ್ಟದ್ದು ಬಾಯಿ ಮಾತಿನಲ್ಲಿ ಉಳಿದರೆ ಅಣ್ಣನೊಬ್ಬನೇ ಉತ್ತರ ಹೇಳಬೇಕಾದೀತು. ಪಾಲುಪಟ್ಟಿ ಬರೆಸಿ, ಹಣವನ್ನು ಬ್ಯಾಂಕಿನ ಮೂಲಕವೇ ಹಂಚಿರಿ.

ಪರಿಹಾರವಾಗಿ ಬಂದ ಸೈಟನ್ನು ಮುಂದೆ ಮಾರಿದರೆ ಅದು ಕೃಷಿ ಜಮೀನಲ್ಲ. ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಬಿಲ್ಡರನೊಡನೆ ಜಂಟಿ ಅಭಿವೃದ್ಧಿಯ ಕರಾರು ಮಾಡಿಕೊಂಡವರಂತೂ ಸಹಿ ಹಾಕುವ ಮೊದಲೇ ಬಲ್ಲವರನ್ನು ಕೇಳಬೇಕು, ಸಹಿ ಹಾಕಿದ ಮೇಲಲ್ಲ.

ಹಾಗಾದರೆ ಯಾರನ್ನು ಕೇಳಬೇಕು?

"ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂಬ ಗಾದೆ ಬೇಸಾಯಕ್ಕೆ ಹೇಳಿದ್ದಾದರೂ ಇಲ್ಲಿಗೂ ಒಪ್ಪುತ್ತದೆ.

ನಿಮ್ಮ ವರಮಾನ ಬಡ್ಡಿ, ಬಾಡಿಗೆ, ಒಂದಿಷ್ಟು ಕೃಷಿ ಇಷ್ಟೇ ಆಗಿದ್ದರೆ ಮನೆಯಲ್ಲಿ ಓದಿದ ಮಗ, ಮಗಳು, ಸೊಸೆ ಯಾರಾದರೂ ಇಲಾಖೆಯ ಜಾಲತಾಣದಲ್ಲಿ ವಿವರಪತ್ರ ತುಂಬಿಸಬಲ್ಲರು. ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿನ ಬಡ್ಡಿ, ಕಡಿತವಾದ ತೆರಿಗೆ ಮುಂತಾದವು ನಮೂನೆಯಲ್ಲಿ ಮೊದಲೇ ತುಂಬಿ ಬಂದಿರುತ್ತವೆ. 26ಎಎಸ್ ಎಂಬ ಪಟ್ಟಿಯೂ, 2021ರಿಂದ ಬಂದಿರುವ ವಾರ್ಷಿಕ ಮಾಹಿತಿ ಪಟ್ಟಿಯೂ ಅಲ್ಲಿಯೇ ಸಿಗುತ್ತವೆ. ನಿಮ್ಮ ಬಗ್ಗೆ ಇಲಾಖೆಗೆ ಏನೇನು ಗೊತ್ತಿದೆ ಎಂಬುದು ಆ ಪಟ್ಟಿಯಲ್ಲಿದೆ. ಅದನ್ನು ಓದಿಸಿ ಕೇಳಿ, ತಪ್ಪಿದ್ದರೆ ಆಕ್ಷೇಪ ದಾಖಲಿಸಿ. ಸಂದೇಹ ಬಂದರೆ 1800 103 0025 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ಜಮೀನು ಮಾರಾಟ, ಪರಿಹಾರ, ಜಂಟಿ ಅಭಿವೃದ್ಧಿ, ಪಾಲು ಇಂತಹ ವಿಷಯವಿದ್ದರೆ ಮನೆಯವರಿಂದ ಆಗದು. ಚಾರ್ಟರ್ಡ್ ಅಕೌಂಟೆಂಟರನ್ನೋ ತೆರಿಗೆಯ ವಕೀಲರನ್ನೋ ನೋಡಿ. ಶುಲ್ಕ ಕೊಡಲು ಹಿಂಜರಿಯಬೇಡಿ. ಬೋರ್ ಕೊರೆಸಲು ಲಕ್ಷ ಖರ್ಚು ಮಾಡುವ ನಾವು ಐವತ್ತು ಲಕ್ಷದ ಪರಿಹಾರದ ಲೆಕ್ಕಕ್ಕೆ ಕೆಲವು ಸಾವಿರ ಕೊಡಲು ಚೌಕಾಸಿ ಮಾಡುತ್ತೇವೆ. ಚಾರ್ಟರ್ಡ್ ಅಕೌಂಟೆಂಟರಿಗೆ ಅವರ ಸಂಸ್ಥೆ ಕೊಟ್ಟ ಸದಸ್ಯತ್ವ ಸಂಖ್ಯೆ ಇರುತ್ತದೆ, ಕೇಳಿ ಬರೆದುಕೊಳ್ಳಿ. "ಕೃಷಿ ಜಮೀನಿನ ಪರಿಹಾರದ ಲೆಕ್ಕ ಹಿಂದೆ ಮಾಡಿದ್ದೀರಾ? ನಮ್ಮ ಜಮೀನು ನಗರದ ಗೆರೆಯ ಒಳಗೋ ಹೊರಗೋ?" ಎಂದು ಕೇಳಿ ನೋಡಿ. ಬಲ್ಲವರು ಮೊದಲು ಪಹಣಿ ಕೇಳುತ್ತಾರೆ. ಅರೆಬರೆ ಬಲ್ಲವರು "ಎಲ್ಲ ನಾನು ನೋಡಿಕೊಳ್ಳುತ್ತೇನೆ ಬಿಡಿ" ಎನ್ನುತ್ತಾರೆ.

ಈ ಲಕ್ಷಣಗಳನ್ನು ಕಂಡರೆ ಎದ್ದು ಬನ್ನಿ: ವಾಪಸು ಬರುವ ಹಣದಲ್ಲಿ ಪಾಲು ಕೇಳುವವರು, ಕಾಗದ ನೋಡುವ ಮೊದಲೇ ಇಷ್ಟು ಹಣ ಕೊಡಿಸುತ್ತೇನೆ ಎನ್ನುವವರು, ನಿಮ್ಮ ಖಾತೆಗೆ ತಮ್ಮ ಮೊಬೈಲ್ ಸಂಖ್ಯೆ ಹಾಕುವವರು, ತುಂಬಿಸಿದ ವಿವರಪತ್ರದ ಪ್ರತಿ ಕೊಡದವರು, ಮಾರಾಟಕ್ಕೆ ಚೀಟಿಯೇ ಇಲ್ಲದಿದ್ದರೂ ಬೇರೆ ವರಮಾನವನ್ನು ‘ಕೃಷಿ’ ಎಂದು ತೋರಿಸೋಣ ಎನ್ನುವವರು. ಈ ಕೊನೆಯವರು ನಿಮ್ಮೊಬ್ಬರಿಗಲ್ಲ, ರೈತ ಸಮುದಾಯಕ್ಕೇ ಕೇಡು ಮಾಡುತ್ತಾರೆ. ರೈತರಲ್ಲದವರ ಹಣ ಕೃಷಿಯ ಹೆಸರಿನಲ್ಲಿ ಅಡಗಿದಷ್ಟೂ ನಿಜವಾದ ರೈತನ ವಿನಾಯಿತಿಯ ಮೇಲೆ ಸಂಶಯದ ಕಣ್ಣು ಬೀಳುತ್ತದೆ.

ಹಿಂದೆ ಪತ್ರಗಳಿಗೆ ಹೆಬ್ಬೆಟ್ಟು ಒತ್ತುವಾಗ "ಓದಿ ಹೇಳಿಸಿಕೊಂಡು ಒತ್ತು" ಎಂದು ಹಿರಿಯರು ಎಚ್ಚರಿಸುತ್ತಿದ್ದರು. ಇಂದು ಮೊಬೈಲಿಗೆ ಬರುವ ಓ.ಟಿ.ಪಿ.ಯೇ ನಿಮ್ಮ ಹೆಬ್ಬೆಟ್ಟು. ಅದನ್ನು ಹೇಳಿದಿರಿ ಎಂದರೆ ಬರೆದದ್ದಕ್ಕೆಲ್ಲ ಒಪ್ಪಿದಿರಿ ಎಂದೇ ಅರ್ಥ. ವಿವರಪತ್ರ ಸಲ್ಲಿಸಿದ 30 ದಿನದೊಳಗೆ ಹೀಗೆ ದೃಢೀಕರಿಸದಿದ್ದರೆ ಅದು ಸಕಾಲದಲ್ಲಿ ಸಲ್ಲಿಸಿದಂತೆ ಆಗುವುದಿಲ್ಲ ಎಂಬುದೂ ನೆನಪಿರಲಿ.

ನಮ್ಮ ಸಂಘ ಸಂಸ್ಥೆಗಳು ಮಾಡಬೇಕಾದ್ದು

ದೇಶದ ಮೂಲೆಮೂಲೆಯಿಂದ ಬರುವ ವಿವರಪತ್ರಗಳನ್ನು ಪರಿಶೀಲಿಸುವ ಕೇಂದ್ರ 2009ರಿಂದ ನಮ್ಮ ಬೆಂಗಳೂರಿನಲ್ಲೇ, ಎಲೆಕ್ಟ್ರಾನಿಕ್ ಸಿಟಿಯ ಕಡೆ ಇದೆ. ಅಂಜನಾಪುರಕ್ಕೆ ಅದು ಬಹು ದೂರವಲ್ಲ. ಆದರೆ ಅಲ್ಲಿಗೆ ಹೋಗಿ ಕೇಳುವಂತಿಲ್ಲ. ಅಲ್ಲಿ ಲೆಕ್ಕ ನೋಡುವುದು ಯಂತ್ರ. ಯಂತ್ರ ಬಂದದ್ದರಿಂದ ಕಚೇರಿಯ ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ಎದುರು ಕುಳಿತು ತಿಳಿಹೇಳುವ ಮನುಷ್ಯ ಇಲ್ಲದಂತಾಯಿತು. ಆ ಜಾಗಕ್ಕೆ ಮಧ್ಯವರ್ತಿ ಬಂದು ಕುಳಿತ.

2006ರಲ್ಲಿ ಕೇಂದ್ರ ಸರ್ಕಾರ ಪದವೀಧರ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ವಿವರಪತ್ರ ತಯಾರಕರನ್ನು ಸಿದ್ಧಪಡಿಸುವ ಯೋಜನೆಯೊಂದನ್ನು ತಂದಿತು. ಜನರಿಂದ ಪಡೆಯುವ ಶುಲ್ಕಕ್ಕೆ ಅದರಲ್ಲಿ 250 ರೂಪಾಯಿ ಮಿತಿ ಇತ್ತು. ವಿಚಾರ ಒಳ್ಳೆಯದು, ಆದರೆ ಹಳ್ಳಿಯ ಮಟ್ಟದಲ್ಲಿ ಅದು ಬೇರು ಬಿಡಲಿಲ್ಲ. ಆ ಕೆಲಸವನ್ನು ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಕೈಗೆತ್ತಿಕೊಳ್ಳಬೇಕು ಎಂದು ನನ್ನ ಸಲಹೆ. ಜೂನ್ ಜುಲೈ ತಿಂಗಳಲ್ಲಿ ಎರಡು ದಿನ ಸಂಘದ ಕಟ್ಟಡದಲ್ಲಿ ಶಿಬಿರ ನಡೆಸಲಿ. ಒಬ್ಬ ಚಾರ್ಟರ್ಡ್ ಅಕೌಂಟೆಂಟರು, ಹತ್ತಿರದ ಕಾಲೇಜಿನ ನಾಲ್ಕು ವಾಣಿಜ್ಯ ವಿದ್ಯಾರ್ಥಿಗಳು, ಒಂದು ಕಂಪ್ಯೂಟರ್ ಇದ್ದರೆ ಸಾಕು. ಬಿತ್ತನೆ ಬೀಜಕ್ಕೆ ರೈತ ಸಂಪರ್ಕ ಕೇಂದ್ರಕ್ಕೆ ಬರುವ ಕಾಲವೂ ಅದೇ. ಗೊಬ್ಬರದ ಚೀಟಿ, ಹಾಲಿನ ಪುಸ್ತಕ, ಬೆಳೆಸಾಲದ ಲೆಕ್ಕ ಎಲ್ಲ ಸಂಘದಲ್ಲೇ ಇರುವುದರಿಂದ ಸಾಕ್ಷಿಯನ್ನು ಹುಡುಕಿ ಹೋಗುವ ಶ್ರಮವೂ ಇಲ್ಲ. ಭೂಸ್ವಾಧೀನ ನಡೆಯುವ ಊರುಗಳಲ್ಲಂತೂ ಪರಿಹಾರದ ಚೆಕ್ಕು ಕೊಡುವ ದಿನವೇ ಒಂದು ಪುಟದ ಕನ್ನಡದ ತಿಳಿವಳಿಕೆ ಪತ್ರ ಕೊಡುವ ಪದ್ಧತಿ ಬರಬೇಕು.

ತಪ್ಪಾಗಿದ್ದರೆ?

ತಪ್ಪಾದರೆ ಮುಚ್ಚಿಡಬೇಡಿ. ಮರೆತ ವರಮಾನ, ಸುಳ್ಳು ಕಡಿತ ಇವುಗಳನ್ನು ತಾವೇ ಒಪ್ಪಿ ನವೀಕೃತ ವಿವರಪತ್ರ ಸಲ್ಲಿಸಲು 2022ರಲ್ಲಿ ಎರಡು ವರ್ಷದ ಅವಕಾಶ ಬಂತು. 2025ರ ಏಪ್ರಿಲ್‌ನಿಂದ ಅದು ನಾಲ್ಕು ವರ್ಷವಾಗಿದೆ. ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷದಲ್ಲಿ ಶೇಕಡಾ 25, ಎರಡನೆಯ ವರ್ಷದಲ್ಲಿ 50, ಮೂರನೆಯದರಲ್ಲಿ 60, ನಾಲ್ಕನೆಯದರಲ್ಲಿ 70 ಹೆಚ್ಚುವರಿ ಕಟ್ಟಬೇಕು. ತಡ ಮಾಡಿದಷ್ಟೂ ಭಾರ. ತನಿಖೆ ಆರಂಭವಾದರೆ ಆ ಬಾಗಿಲೂ ಮುಚ್ಚುತ್ತದೆ. ಇನ್ನು ನಿಮಗೇ ಹಣ ವಾಪಸು ಬರಬೇಕಾಗಿದ್ದು ಗಡುವು ದಾಟಿದ್ದರೆ, ತಡವನ್ನು ಮನ್ನಿಸುವಂತೆ ಐದು ವರ್ಷದೊಳಗೆ ಇಲಾಖೆಗೆ ಅರ್ಜಿ ಕೊಡಬಹುದು.

ನೋಟೀಸು ಬಂತೆಂದು ಗಾಬರಿಯಾಗಬೇಡಿ, ಗೂಡಿನಲ್ಲಿ ಸಿಕ್ಕಿಸಿ ಮರೆಯಲೂ ಬೇಡಿ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪ್ರತಿ ಪತ್ರಕ್ಕೂ ಒಂದು ದಾಖಲೆ ಸಂಖ್ಯೆ ಇರುತ್ತದೆ. ಪತ್ರ ನಿಜವೋ ನಕಲಿಯೋ ಎಂದು ಆ ಸಂಖ್ಯೆಯಿಂದ ಜಾಲತಾಣದಲ್ಲೇ ನೋಡಬಹುದು.

ಕೃಷಿ ಮೇಳದಲ್ಲಿ ಸಿಕ್ಕ ಆ ಹಿರಿಯರು ಕೊನೆಗೆ ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಹಿಡಿದು, ಸುಳ್ಳು ಬರೆದ ವರ್ಷಗಳ ನವೀಕೃತ ವಿವರಪತ್ರ ಸಲ್ಲಿಸಿದರು. ಪಡೆದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಿದರು. ಮಧ್ಯವರ್ತಿಗೆ ಕೊಟ್ಟ ಐದನೆಯ ಭಾಗ ಮಾತ್ರ ವಾಪಸು ಬರಲಿಲ್ಲ. "ಹಣ ಹೋದದ್ದಕ್ಕೆ ವ್ಯಥೆಯಿಲ್ಲ, ಈಗ ರಾತ್ರಿ ನಿದ್ದೆ ಬರುತ್ತದೆ" ಎಂದು ಆಮೇಲೆ ಫೋನಿನಲ್ಲಿ ಹೇಳಿದರು. ಆ ಮೊಮ್ಮಗಳೇ ಈಗ ಮನೆಯ ಲೆಕ್ಕ ಬರೆಯುತ್ತಾಳೆ.

ಕೊನೆಯದಾಗಿ, ರೈತ ಬಾಂಧವರೇ, ಈ ಕೆಲವು ಅಂಶಗಳನ್ನು ಬರೆದಿಟ್ಟುಕೊಳ್ಳಿ:

1. ಹಳೆಯ ಪಹಣಿ, ಮಾರಾಟದ ಚೀಟಿ, ಪರಿಹಾರದ ಆದೇಶದ ಪ್ರತಿ, ಬ್ಯಾಂಕ್ ಪುಸ್ತಕ ಒಂದೇ ಕಡೆ ಇರಲಿ.

2. ಇಲಾಖೆಯ ಖಾತೆಯಲ್ಲಿ ನಿಮ್ಮದೇ ಅಥವಾ ಮನೆಯವರದೇ ಮೊಬೈಲ್ ಸಂಖ್ಯೆ ಇರಲಿ.

3. ಸಹಾಯಕ್ಕೆ ನಿಗದಿಯಾದ ಶುಲ್ಕ ಕೊಡಿ, ಪಾಲು ಕೊಡಬೇಡಿ.

4. ಓದಿ ಹೇಳಿಸಿಕೊಳ್ಳದೆ ಓ.ಟಿ.ಪಿ. ಹೇಳಬೇಡಿ, ಸಲ್ಲಿಸಿದ ಪತ್ರದ ಪ್ರತಿ ಪಡೆಯದೆ ಎದ್ದು ಬರಬೇಡಿ.

5. ಕೊನೆಯ ದಿನ, ಸಾಮಾನ್ಯವಾಗಿ ಜುಲೈ 31, ಬರುವ ತನಕ ಕಾಯಬೇಡಿ. ತಡವಾದರೆ 5 ಲಕ್ಷದವರೆಗಿನ ವರಮಾನಕ್ಕೆ 1,000, ಅದಕ್ಕೂ ಮೀರಿದರೆ 5,000 ರೂಪಾಯಿವರೆಗೆ ಶುಲ್ಕ ಬೀಳುತ್ತದೆ.

ಸಹಾಯ ಕೇಳುವುದು ನಾಚಿಕೆಯ ಸಂಗತಿಯಲ್ಲ. ಆದರೆ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದೇ ಹೊರತು ಹೊಣೆಯನ್ನು ಒಪ್ಪಿಸಲಾಗದು. ಹೊಲಕ್ಕೆ ಆಳು ಬಿಟ್ಟರೂ ಒಡೆಯ ಬದುವಿನ ಮೇಲೆ ನಿಂತು ನೋಡುವಂತೆ, ನಿಮ್ಮ ಲೆಕ್ಕವನ್ನೂ ನೀವೇ ನಿಂತು ನೋಡಿ.